ಬಿಟ್ಟುಹೋದ ಹಕಾರ

ಬುಕಿಂಗ್ ಕೌಂಟರಿನಲ್ಲಿದ್ದ ವನಿತಾ ಬರೆಯುವ ಪ್ರೋಗ್ರಾಂ ಓಡಿದರೆ ಕಂಪ್ಯೂಟರ್ ಕೋಣೆಯ ಉಸ್ತುವಾರಿ ಅವಳಿಗೇ ಎಂದು ಮ್ಯಾನೇಜರ್ ಸುಬ್ಬರಾಯನ್ ಬಾಯಿಬಿಟ್ಟು ಹೇಳಿದ್ದರು. ತೊಂಬತ್ತೊಂಬತ್ತರ ಮಾತು. ತಮಿಳುನಾಡಿನ ಮೇಚೇರಿಯ ಕಡೆ ಕುರಿ ಸಾಕುವ ಕನ್ನಡದವರ ಮನೆಯ ಹುಡುಗಿಗೆ, ಸೇಲಂನ ಪಾರ್ಸೆಲ್ ಕಂಪನಿಯಲ್ಲಿ, ಅದೇನು ಸಣ್ಣ ಮಾತೇ!

ಬುಕಿಂಗ್ ವಿವರವೆಲ್ಲ ಹಳೇ ಸರ್ವರ್‌ನಲ್ಲಿತ್ತು. ಇನ್ನು ಮೇಲೆ ಅದೆಲ್ಲ ಆಗಿಂದಾಗ್ಗೆ ಹೊಸದೊಂದಕ್ಕೂ ನಕಲಾಗಬೇಕು, ಹಳೆಯದು ಕೈಕೊಟ್ಟರೆ ಹೊಸದೇ ಯಜಮಾನ. ತೊಡಕೆಂದರೆ, ಕೌಂಟರುಗಳೆಲ್ಲ ಹಂಚಿಕೊಂಡಿದ್ದ ಸಂಪರ್ಕಗಳು ಆಗಲೂ ಸತ್ತ ಸರ್ವರ್‌ನ ಬಾಗಿಲನ್ನೇ ಬಡಿಯುತ್ತ ಕೂರುತ್ತವೆ. ಅವನ್ನು ತಾನಾಗಿ ಹೊಸದರ ಕಡೆ ತಿರುಗಿಸುವ, ಯಾರ ಕಣ್ಣಿಗೂ ಬೀಳದೆ ದುಡಿಯುವ ಪ್ರೋಗ್ರಾಂ ಬೇಕಿತ್ತು. ಇಂಥದಕ್ಕೆ ಡೀಮನ್ ಅನ್ನುತ್ತಾರೆ. ವನಿತಾ ಊಟತಿಂಡಿ ಮರೆತು ಅದನ್ನು ಬರೆದಳು. ಸರ್ವರ್‌ಗಳಿಗೆ ಮನೆಮಾತಿನಲ್ಲೇ ಮುದ್ದಾಗಿ ಹೆಸರಿಟ್ಟು, ಇಂಗ್ಲಿಷ್ ಅಕ್ಷರಗಳಲ್ಲಿ ಪ್ರೋಗ್ರಾಂಗೆ ಸೇರಿಸಿದಳು: ಅಳೆ, ಒಸ.

ಹೊಸ ಸರ್ವರ್ ಕೂರಿಸಲು ಬೆಂಗಳೂರಿನಿಂದ ಅಶ್ವತ್ಥ್ ಎಂಬ ಎಂಜಿನಿಯರ್ ಬಂದ.

"ಇದಕ್ಕೆ ಏನ್ ಹೆಸರಿಡ್ಲಿ?"

"ಒಸ ಅಂತ ಆಕಿ ಸಾರ್."

"ಓ, ಕನ್ನಡದವರಾ!" ಎಂದು ನಕ್ಕು, ಅವನು ಅದನ್ನು ತಿದ್ದಿ ‘ಹೊಸ’ ಎಂದು ಟೈಪ್ ಮಾಡಿದ. ಅವಳು ಪರದೆ ನೋಡಲಿಲ್ಲ.

ಪರೀಕ್ಷೆಯ ದಿನ ಕಂಪನಿಯ ಮಾಲೀಕರ ಎದುರಿಗೇ ಸುಬ್ಬರಾಯನ್ ಹಳೇ ಸರ್ವರ್‌ನ ತಂತಿ ಕಿತ್ತರು. ಕೌಂಟರುಗಳೆಲ್ಲ ನಿಂತುಹೋದವು. ಡೀಮನ್ ‘ಒಸ’ವನ್ನು ಹುಡುಕುತ್ತಲೇ ಇತ್ತು. ಆ ಹೆಸರಿನದು ಅಲ್ಲಿ ಯಾವುದೂ ಇರಲಿಲ್ಲ.

ಅಶ್ವತ್ಥ್ ಅವಳ ಪ್ರೋಗ್ರಾಂ ತೆರೆದು ನೋಡಿದ. "ಏನ್ರೀ ಇದು? ಹೊಸ ಅಂತ ಬರಿಯೋಕೂ ಬರಲ್ವಾ? ಯಾವ ಸೀಮೆ ಕನ್ನಡಾರೀ ನಿಮ್ದು!" ಎಂದು ಒಂದೇ ಒಂದು ಅಕ್ಷರ ಸೇರಿಸಿದ. ಕೌಂಟರುಗಳು ಓಡಿದವು.

ನಾನು ಹೇಳಿದ್ದೊಂದು, ನೀವು ಬರೆದದ್ದೊಂದು ಎಂದು ವನಿತಾ ಅನ್ನಬೇಕಿತ್ತು.

"ಎನ್ನಮ್ಮಾ, ಉನ್ ಬಾಷೆಯೇ ಉನಕ್ಕು ತೆರಿಯಾದಾ?" ಎಂದರು ಸುಬ್ಬರಾಯನ್. ನಿನ್ನ ಭಾಷೆಯೇ ನಿನಗೆ ಗೊತ್ತಿಲ್ಲವೇ ಎಂದು ಕೇಳಿದ್ದು ಮಾಲೀಕರ ಕಿವಿಗೂ ಬಿತ್ತು. ಉಸ್ತುವಾರಿ ಅಶ್ವತ್ಥನಿಗೆ ಹೋಯಿತು, ವನಿತಾ ಮತ್ತೆ ಕೌಂಟರಿಗೆ. ಒಳಗೆ ಅವಳದೇ ಡೀಮನ್ ದುಡಿಯುತ್ತಿತ್ತು.

ಸಂಜೆ ಮನೆಗೆ ಬಂದಾಗ ಅವ್ವ ಚಿನ್ನಕ್ಕ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಒಸ ಮಿಷಿನ್ ಓಡ್ತಾ ಐತಾ ಮಗಾ?"

"ಒಸ ಅಲ್ಲ. ಹೊಸ. ಎಲ್ಲಿ, ಅನ್ನು."

ಚಿನ್ನಕ್ಕ ಏನೋ ತಮಾಷೆಯೆಂದು ನಕ್ಕಳು.

"ಅನ್ನವ್ವಾ!" ವನಿತಾ ಕಿರುಚಿದಳು.

ಸೊಪ್ಪು ಕೈಯಲ್ಲೇ ಉಳಿಯಿತು. ಚಿನ್ನಕ್ಕ ತುಟಿ ಒದ್ದೆ ಮಾಡಿಕೊಂಡು, ಉಸಿರು ಎಳೆದುಕೊಂಡು, ತಪ್ಪು ಮಾಡಿದವಳಂತೆ ಮೆಲ್ಲಗೆ ಅಂದಳು:

"ಒಸ."