ಗಾಡಿ ಬಿಟ್ಟು ನಡೆದ ಗಾಡಿಯಮ್ಮ

ಹಣ್ಣಿನ ಗಾಡಿ ತಳ್ಳುವ ಆಕೆಯನ್ನು ಬೀದಿಯವರೆಲ್ಲ ಗಾಡಿಯಮ್ಮ ಎಂದೇ ಕರೆಯುತ್ತಿದ್ದರು. ಗಾಡಿಯ ಹಿಡಿಯ ಮೇಲೆ ಬಾಗಿ ಹೊರಟಳೆಂದರೆ ಊರೆಲ್ಲ ಸುತ್ತಿ ಬರುವಳು. ಅದೇ ಗಾಡಿಯನ್ನು ನಿಲ್ಲಿಸಿ ಬರಿಗೈಯಲ್ಲಿ ನಾಲ್ಕು ಹೆಜ್ಜೆ ಇಟ್ಟಳೋ, ಸೊಂಟದಿಂದ ಪಾದದವರೆಗೆ ಕೆಂಡ ಸುರಿದಂತೆ ಉರಿ, ಕಾಲೆಲ್ಲ ಜೋಮು. ಎಲ್ಲಾದರೂ ಕಟ್ಟೆ ಕಂಡರೆ ಕುಸಿದು ಕೂರುವಳು. ಮುಂದಕ್ಕೆ ಬಾಗಿ ಕೂತರೆ ನೋವು ಮೆಲ್ಲಗೆ ಇಳಿಯುತ್ತಿತ್ತು.

ಗಂಡನದು ಸೈಕಲ್ ರಿಪೇರಿ ಅಂಗಡಿ. ಅವನಿಗೆ ಇದು ನಗೆಯ ಮಾತು.

“ಅಷ್ಟು ಭಾರದ ಗಾಡಿ ತಳ್ಳೋಕಾಗುತ್ತೆ, ಕೈ ಬೀಸ್ಕೊಂಡು ನಡೆಯೋಕಾಗಲ್ವಾ? ಸೋಗು ಕಣೇ ಇದು! ನಮ್ಮ ನೆಂಟರ ಮನೆಗೆ ಅಂದಾಗ ಮಾತ್ರ ಕಾಲುನೋವು!”

“ನಿಮ್ಮ ನೆಂಟರ ಮನೆಗೂ ಗಾಡಿ ತಳ್ಕೊಂಡೇ ಬರ್ತೀನಿ ಬಿಡಿ,” ಎಂದು ಅವಳೂ ಸೋಲುತ್ತಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಶಾಲೆಗೆ ಸೇರಿದಳು. ಬಿಟ್ಟು ಬರುವ ಕೆಲಸ ಅಜ್ಜಿಯದು. ಉಳಿದ ಮಕ್ಕಳು ದೊಡ್ಡವರ ಬೆರಳು ಹಿಡಿದು ಕುಣಿಯುತ್ತ ಹೋದರೆ, ಈ ಮಗು ಗಾಡಿಯ ಅಂಚು ಹಿಡಿದು ನಡೆಯಬೇಕು.

“ಅಜ್ಜೀ, ನಿನ್ನ ಎರಡು ಕೈನೂ ಗಾಡಿನೇ ಹಿಡ್ಕೊಂಡ್ರೆ ನನ್ನ ಕೈ ಯಾರು ಹಿಡ್ಕೊಳ್ಳೋದು?”

ಅಂದು ಕೈಮುಗಿದು ಕೂತಾಗ ಗಾಡಿಯಮ್ಮ ಬೇಡಿಕೊಂಡದ್ದು ಇಷ್ಟೇ: ದೇವರೇ, ಈ ಕೂಸಿನ ಕೈ ಹಿಡಿದು ನಾನು ಶಾಲೆಯ ಗೇಟಿನವರೆಗೆ ನಡೆಯೋ ಹಾಗೆ ಮಾಡಪ್ಪಾ.

ಮಾರನೆಯ ಬೆಳಿಗ್ಗೆ ಹಣ್ಣು ಕೊಳ್ಳಲು ಬಂದ ಎದುರು ಮನೆಯ ನರ್ಸಕ್ಕನ ಹತ್ತಿರ ಎಲ್ಲವನ್ನೂ ಹೇಳಿಕೊಂಡಳು. ನರ್ಸಕ್ಕ ಹಣ್ಣನ್ನು ಅಲ್ಲೇ ಬಿಟ್ಟಳು.

“ಏನಂದ್ರಿ? ಬಾಗಿದ್ರೆ ನೋವಿಲ್ಲ, ನೆಟ್ಟಗೆ ನಡೆದ್ರೆ ನೋವು? ಅಯ್ಯೋ, ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ರಿ!”

“ಬಚ್ಚಿಡೋದೇನು ಬಂತು? ಸೋಗು ಅಂತಾರೆ ನಮ್ಮನೆಯವರು.”

“ಎಂಥ ಸೋಗು ರೀ! ರೋಗದ ಸುಳಿವೇ ಅದು! ವಯಸ್ಸಾದ ಹಾಗೆ ಬೆನ್ನುಮೂಳೆ ಸವೆದು, ಒಳಗೆ ನರ ಹೋಗೋ ದಾರಿ ಕಿರಿದಾಗಿರಬಹುದು. ಬಾಗಿದಾಗ ಆ ದಾರಿ ಚೂರು ಅಗಲ ಆಗುತ್ತೆ. ಡಾಕ್ಟರ್ ನೋಡಿ ಹೇಳಬೇಕು. ನಡೀರಿ ಆಸ್ಪತ್ರೆಗೆ!”

ಆಸ್ಪತ್ರೆ ಎಂದರೆ ಆಪರೇಷನ್ನೇ ಎಂದು ಹೆದರಿದ ಗಂಡ ಪಕ್ಕದ ಅಂಗಡಿಯಿಂದ ಸ್ಪ್ಯಾನರ್ ಹಿಡಿದೇ ಓಡಿ ಬಂದ. “ಬೆನ್ನಿಗೆ ಕತ್ತಿ ತಾಗಿದ್ರೆ ಹಾಸಿಗೆ ಹಿಡಿದ ಹಾಗೇ! ದೇವರು ಕೊಟ್ಟ ಬೆನ್ನಮ್ಮಾ ಅದು.”

“ಡಾಕ್ಟರಿಗೆ ಕೈ ಕೊಟ್ಟಿದ್ದೂ ಅದೇ ದೇವರಲ್ವಾ ಅಣ್ಣಾ? ನಿಮಗೆ ಬಾಯಿ ಕೊಟ್ಟಿದ್ದೂ ಅವನೇ. ಬಂದು ಕೇಳಿ. ಕೇಳಿದ ಮಾತ್ರಕ್ಕೆ ಯಾರೂ ಕುಯ್ಯಲ್ಲ.”

ನಿಜಕ್ಕೂ ಆಸ್ಪತ್ರೆಯ ಡಾಕ್ಟರಮ್ಮ ಮೊದಲಿಗೆ ಆಪರೇಷನ್ನಿನ ಮಾತೇ ಎತ್ತಲಿಲ್ಲ. ವ್ಯಾಯಾಮ ಕಲಿಸಿದರು, ಔಷಧಿ ಕೊಟ್ಟರು. ಗಾಡಿಯಮ್ಮ ಕೆಲವು ತಿಂಗಳು ಒಂದು ದಿನವೂ ತಪ್ಪಿಸದೆ ಮಾಡಿದಳು. ಸೊಂಟ ಕೊಂಚ ಹಗುರಾಯಿತು, ಕಾಲು ಮಾತ್ರ ಕೇಳಲಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಕೆಲವು ವಾರ ಸುಖವಾಗಿದ್ದು ನೋವು ಮರಳಿ ಬಂತು. ಆಮೇಲೆ ಸ್ಕ್ಯಾನ್ ಮಾಡಿಸಿ, ಆ ಚಿತ್ರವನ್ನು ಬೆಳಕಿಗೆ ಹಿಡಿದು ನರ ಇಕ್ಕಟ್ಟಿಗೆ ಸಿಕ್ಕಿದ್ದ ಜಾಗ ತೋರಿಸಿ, ಇನ್ನು ಆಪರೇಷನ್ ಯೋಚಿಸಬಹುದು ಎಂದರು. ನೋಡಿದ್ದೇ ತಡ, ಗಂಡನ ರಿಪೇರಿ ಬುದ್ಧಿ ಕೆರಳಿತು.

“ಮೇಲಿಂದ ಕೆಳಗಿನವರೆಗೂ ಸ್ಕ್ರೂ ಹಾಕಿ ಬಿಗಿ ಮಾಡಿಬಿಡಿ ಡಾಕ್ಟ್ರೇ! ಅಲ್ಲಾಡಲೇಬಾರದು!”

“ನಿನ್ನೆವರೆಗೂ ಕತ್ತಿನೇ ಬೇಡ ಅಂತಿದ್ದೋರು, ಇವತ್ತು ಸ್ಪ್ಯಾನರ್ ಹಿಡ್ಕೊಂಡು ನಿಂತ್ರಲ್ಲಾ!” ಎಂದಳು ಗಾಡಿಯಮ್ಮ.

ಡಾಕ್ಟರಮ್ಮನಿಗೂ ನಗು ತಡೆಯಲಿಲ್ಲ. “ಯಜಮಾನ್ರೇ, ಚಕ್ರಕ್ಕೆ ಬ್ರೇಕ್ ಉಜ್ಜುತ್ತಿದ್ರೆ ಏನ್ಮಾಡ್ತೀರಿ?”

“ಬ್ರೇಕ್ ಚೂರು ಸಡಿಲ ಮಾಡ್ತೀನಿ.”

“ಚಕ್ರಾನೇ ಫ್ರೇಮಿಗೆ ವೆಲ್ಡ್ ಮಾಡಲ್ವಲ್ಲ? ಇವರ ಮೂಳೆ ಜಾರಿಲ್ಲ. ನರ ಒತ್ತುತ್ತಿರೋ ಭಾಗ ಮಾತ್ರ ತೆಗೆದು ದಾರಿ ಅಗಲ ಮಾಡಿದ್ರೆ ಸಾಕಾಗಬಹುದು. ಮೂಳೆ ಜಾರಿ ಅಲ್ಲಾಡೋರಿಗೆ ಸ್ಕ್ರೂ ಹಾಕಿ ಕೂಡಿಸಬೇಕಾಗಬಹುದು. ಅದು ದೊಡ್ಡ ಆಪರೇಷನ್, ಚೇತರಿಸ್ಕೊಳ್ಳೋಕೂ ಹೆಚ್ಚು ದಿನ ಬೇಕು. ಏನೂ ಮಾಡಿಸದೆ ವ್ಯಾಯಾಮ, ಔಷಧಿಯಲ್ಲೇ ಇರೋರೂ ಇದ್ದಾರೆ. ಅದೂ ತಪ್ಪಲ್ಲ.”

“ಮಾಡಿಸಿದ್ರೆ ನೋವೆಲ್ಲ ಹೋಗುತ್ತಾ ತಾಯೀ?” ಎಂದು ಕೇಳಿದಳು ಗಾಡಿಯಮ್ಮ.

“ಕಾಲಿನ ನೋವು ಕಮ್ಮಿ ಆಗೋ ಸಾಧ್ಯತೆ ಚೆನ್ನಾಗಿದೆ. ಸೊಂಟದ ನೋವಿಗೆ ಮಾತು ಕೊಡಲಾರೆ. ಸೋಂಕು, ನರಕ್ಕೆ ಪೆಟ್ಟು ಇವೆಲ್ಲ ಅಪರೂಪ, ಆದ್ರೆ ಆಗೋದೇ ಇಲ್ಲ ಅಂತ ಹೇಳಲ್ಲ. ಇನ್ನೊಬ್ಬ ಡಾಕ್ಟರನ್ನೂ ಕೇಳ್ಕೊಂಡು ಬನ್ನಿ. ಅದಿರಲಿ, ನಿಮಗೆ ಏನು ಮಾಡೋಕಾಗಬೇಕು ಹೇಳಿ?”

“ಮೊಮ್ಮಗಳ ಕೈ ಹಿಡ್ಕೊಂಡು ಶಾಲೆ ಗೇಟಿನವರೆಗೆ ನಡೀಬೇಕು!”

ಇನ್ನೊಬ್ಬ ಡಾಕ್ಟರೂ ಅದೇ ಮಾತು ಹೇಳಿದರು. ಗಂಡ ಹೆಂಡತಿ ಮನೆಯಲ್ಲಿ ಕೂತು ಮಾತಾಡಿದರು, ಮತ್ತೆ ಹೋಗಿ ಡಾಕ್ಟರಮ್ಮನನ್ನು ಕೇಳಿದರು. ಕೊನೆಗೆ ಗಾಡಿಯಮ್ಮ ತಾನೇ, “ದಾರಿ ಅಗಲ ಮಾಡಿಬಿಡಿ,” ಎಂದಳು.

ಆಪರೇಷನ್ ಆಗಿ, ಗಾಯ ಮಾಗಿ ಮೈಗೆ ಬಲ ಬಂದ ಮೇಲೆ ಆ ಬೆಳಗು ಬಂದೇ ಬಂತು! ಬೀದಿಗಿಳಿದ ಗಾಡಿಯಮ್ಮನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಪುಟ್ಟ ಮುಷ್ಟಿ ಬಂದು ಅಂಗೈ ತುಂಬಿತು. ನಡೆದರು. ಅವಳು ಕುಸಿದು ಕೂರುತ್ತಿದ್ದ ಕಟ್ಟೆ ಬಂತು. ಅವಳು ಹೆಜ್ಜೆ ನಿಲ್ಲಿಸಲಿಲ್ಲ. ಸೊಂಟ ತುಸು ನೋಯಿತು, ಕಾಲು ಉರಿಯಲಿಲ್ಲ. ಕಟ್ಟೆ ಹಿಂದೆ ಉಳಿಯಿತು!

ಎಲ್ಲಿ ದಾರಿಯಲ್ಲಿ ಬೇಕಾಗುತ್ತದೋ ಎಂದು ಗಂಡ ಗಾಡಿ ತಳ್ಳಿಕೊಂಡು ಹಿಂದೆಯೇ ಬರುತ್ತಿದ್ದ. ಗೇಟು ಮುಟ್ಟುವಾಗ ಅವನಿಗೆ ಏದುಸಿರು.

“ಅಬ್ಬಬ್ಬಾ! ಇದು ಇಷ್ಟು ಭಾರವೇನೇ?”

“ಸೋಗು ಸಾಕು, ತಳ್ಳಿ!” ಎಂದಳು ಗಾಡಿಯಮ್ಮ. ಮೊಮ್ಮಗಳ ಕೈ ಇನ್ನೂ ಬಿಟ್ಟಿರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬರು ಹೀಗೆ ಸೊಂಟ ಹಿಡಿದು ಕೂತಿರಬಹುದು. ಸೋಗು ಎಂದು ನಗಬೇಡಿ. ಯಾವಾಗ ನೋವು, ಹೇಗೆ ಕೂತರೆ ಹಿತ, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಕಾಲಿನ ಬಲ ದಿಢೀರನೆ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ತೊಡೆಸಂದಿನಲ್ಲಿ ಮುಟ್ಟಿದ್ದು ತಿಳಿಯದಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದಂತೆ ಅವಸರವೂ ಬೇಡ, ಅಂಜಿಕೆಯೂ ಬೇಡ. ಯಾವ ಆಪರೇಷನ್, ನನಗೆ ಅದೇ ಏಕೆ, ಮಾಡಿಸದಿದ್ದರೆ ಏನಾದೀತು ಎಂದು ಬಾಯಿಬಿಟ್ಟು ಕೇಳಿ. ಗಾಡಿಯಮ್ಮನಿಗೆ ಒಪ್ಪಿದ್ದು ನಿಮಗೆ ಒಪ್ಪದಿರಬಹುದು. ನಿಮ್ಮ ಬೆನ್ನಿಗೆ ತಕ್ಕ ದಾರಿಯನ್ನು ನೀವೇ ಕೇಳಿ, ತೂಗಿ, ಆರಿಸಿಕೊಳ್ಳಿ. ನಿಮ್ಮ ಕೈಗಾಗಿಯೂ ಯಾರೋ ಕಾಯುತ್ತಿದ್ದಾರೆ. ದೇವರು ನಡೆಸಲಿ.