ಫ್ರೈಯರ್ ಮುಂದಿನ ಜಾಗ

ಬರ್ಗರ್ ಅಂಗಡಿಯ ಕಂಪನಿ ಬಸ್ ನಿಲ್ದಾಣದ ಎದುರು ಇನ್ನೊಂದು ಶಾಖೆ ತೆರೆಯುತ್ತಿತ್ತು. ಹೊಸಬರಿಗೆ ಕೆಲಸ, ಹಳಬರಿಗೆ ಬಡ್ತಿ ಎಂಬ ಸುದ್ದಿ ಬಂದಾಗಿನಿಂದ ಹಳೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ ದೊಡ್ಡಸೊಸೆಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಅಲ್ಲಿನ ಶಿಫ್ಟ್ ಲೀಡರ್ ಕೆಲಸ ತನಗೇ ಬರಬೇಕು. ತನಗೆ ಬಾರದಿದ್ದರೂ ಹಾಳಾಗಿಹೋಗಲಿ, ಚಿಕ್ಕಸೊಸೆಗಂತೂ ಸಿಗಬಾರದು.

ಮೈದುನನ ಹೆಂಡತಿಯನ್ನು ಇಲ್ಲಿಗೆ ಸೇರಿಸಿದ್ದೂ ಅವಳೇ. ಸೇರಿಸಿದ ಮೇಲೆ ಹೊಟ್ಟೆಯುರಿ ಶುರುವಾಯಿತು. ಕೌಂಟರಿನಲ್ಲಿ ಚಿಕ್ಕಸೊಸೆ ನಕ್ಕರೆ ಸಿಡುಕು ಮೋರೆಯ ಗಿರಾಕಿಯೂ ನಗುತ್ತಿದ್ದ. ಅತ್ತೆಯಂತೂ ‘ನಮ್ಮ ಚಿಕ್ಕವಳು, ನಮ್ಮ ಚಿಕ್ಕವಳು’ ಎಂದು ಬೀದಿಯ ತುಂಬ ಡಂಗುರ ಸಾರುತ್ತಿದ್ದರು. ದೊಡ್ಡಸೊಸೆ ಕೋಳಿ ಕರಿಯುವ ಫ್ರೈಯರಿನ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೊರೆ ಹೇಗಿದ್ದರೆ ಎಣ್ಣೆ ಬದಲಿಸಬೇಕು, ಕೋಳಿಯ ತುಂಡು ಒಳಗೂ ಬೆಂದಿದೆಯೆಂದು ತಿಳಿಯುವುದು ಹೇಗೆ ಎಂಬುದನ್ನು ಒಬ್ಬರಿಗೂ ಹೇಳಿಕೊಡಲಿಲ್ಲ. ತಾನಿಲ್ಲದೆ ಅಂಗಡಿ ನಡೆಯಬಾರದು ಎಂಬುದೇ ಅವಳ ಲೆಕ್ಕಾಚಾರ.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಮ್ಯಾನೇಜರ್ ಇಬ್ಬರನ್ನೂ ಕರೆದ.

“ಹೊಸ ಕಡೆಗೆ ಇವರು ಹೋಗ್ಲಿ,” ಎಂದು ಚಿಕ್ಕಸೊಸೆಯನ್ನು ತೋರಿಸಿದ.

ದೊಡ್ಡಸೊಸೆಯ ಕಿವಿ ಬಿಸಿಯಾಯಿತು. “ಇವಳಿಗಿಂತ ಮೊದ್ಲು ಬಂದೋಳು ನಾನು, ಸಾರ್.”

“ಯಾರು ಇಲ್ಲ ಅಂದ್ರು? ಆದ್ರೆ ನೀವು ಹೋದ್ರೆ ಇಲ್ಲಿ ಫ್ರೈಯರ್ ಮುಂದೆ ಯಾರನ್ನ ನಿಲ್ಲಿಸ್ಲಿ? ನೀವು ರಜಾ ಹಾಕಿದ್ ದಿನ ನಾವು ಬರೀ ಬನ್ನು ಮಾರ್ಬೇಕು. ತಮ್ಮ ಜಾಗಕ್ಕೆ ಒಬ್ಬರನ್ನ ತಯಾರು ಮಾಡಿದೋರಿಗೇ ಬಡ್ತಿ, ಅದು ಕಂಪನಿ ರೂಲು. ಇವರು ಕೌಂಟರಿಗೆ ಇಬ್ಬರನ್ನ ತಯಾರು ಮಾಡಿದಾರಲ್ಲ.”

ತಾನು ಕಟ್ಟಿಕೊಂಡ ಕೋಟೆಯೊಳಗೆ ತಾನೇ ಸಿಕ್ಕಿಬಿದ್ದಿದ್ದಳು. ಅವಳು ಅಡುಗೆ ಕಟ್ಟೆಗೆ ಬಂದಳು. ಚಿಕ್ಕಸೊಸೆ ಹಿಂದೆಯೇ ಬಂದಳು.

“ಅಕ್ಕ, ಬೇಜಾರಾಯ್ತಾ?”

“ನಂಗ್ಯಾಕೆ ಬೇಜಾರು? ಹೋಗು, ಮೆರಿ.”

“ಅಲ್ಲಿ ಎಲ್ಲಾ ಹೊಸಬರೇ. ಎಣ್ಣೆ ನೋಡೋದು ಹೇಗೆ ಅಂತ ಒಂಚೂರು ಹೇಳಿಕೊಡಿ, ಅಕ್ಕ. ಇಲ್ದಿದ್ರೆ ಮೊದಲನೇ ದಿನವೇ ನನ್ನ ಮಾನ ಹೋಗುತ್ತೆ.”

ಹೊಸ ಶಾಖೆಯಲ್ಲಿ ಒಳಗೆ ಬೇಯದ ತುಂಡುಗಳನ್ನು ಗಿರಾಕಿಗಳು ವಾಪಸು ತಂದು ಕೌಂಟರಿನ ಮೇಲೆ ಕುಕ್ಕುತ್ತಿರುವುದು ದೊಡ್ಡಸೊಸೆಯ ಕಣ್ಣಿಗೆ ಕಟ್ಟಿತು. ಹೊಟ್ಟೆ ಕ್ಷಣಕಾಲ ತಣ್ಣಗಾಯಿತು.

“ನಿಂಗಲ್ಲ,” ಎಂದವಳೇ ನೆಲ ಒರೆಸುತ್ತಿದ್ದ ಹೆಂಗಸನ್ನು ಕೂಗಿದಳು. “ಅದನ್ನ ಅಲ್ಲೇ ಬಿಟ್ಟು ಬಾ ಇಲ್ಲಿ. ಕೈ ತೊಳ್ಕೊಂಡು ಬಾ. ಮುಂದಿನ ಅಂಗಡಿ ತೆರೆಯೋ ಹೊತ್ತಿಗೆ ಈ ಜಾಗ ನಿಂದು.”

ಹೆಂಗಸು ತೊಳೆದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ಅಳುಕುತ್ತಲೇ ಪಕ್ಕ ನಿಂತಳು. ದೊಡ್ಡಸೊಸೆ ನೊರೆಯತ್ತ ಬೆರಳು ತೋರಿಸಿ ವಿವರಿಸತೊಡಗಿದಳು. ಹಿಂದಿನಿಂದ ಚಿಕ್ಕಸೊಸೆ ಕುತ್ತಿಗೆ ಚಾಚಿದಳು.

ದೊಡ್ಡಸೊಸೆ ದನಿಯನ್ನು ಇನ್ನಷ್ಟು ತಗ್ಗಿಸಿದಳು.