ಹಿತ್ತಾಳೆಯ ಮೂತಿ

ವಸಂತಕುಮಾರ ಶೆಟ್ಟರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ವರ್ತಕ ನಗರದ ತಮ್ಮ ಹೋಟೆಲಿನ ಗಲ್ಲಾದಲ್ಲಿ ಸ್ವಂತ ತಮ್ಮನನ್ನೂ ಕೂರಿಸಿದವರಲ್ಲ. ಘೋಡಬಂದರ್ ರಸ್ತೆಯ ತಮ್ಮ ಬಿಲ್ಡಿಂಗಿನ ಸೊಸೈಟಿಗೆ ಸೆಕ್ರೆಟರಿಯಾದ ದಿನ ಮೊದಲು ಮಾಡಿದ್ದು ಟೆರೇಸಿನ ಬೀಗ ಬದಲಿಸುವ ಕೆಲಸ.

೨೦೧೨ರ ಏಪ್ರಿಲಿನಲ್ಲಿ ಅಗ್ನಿಶಾಮಕ ದಳದವರು ಕಂಪೌಂಡಿಗೆ ಬಂದು ಪ್ರಾತ್ಯಕ್ಷಿಕೆ ಕೊಟ್ಟರು. ಅಧಿಕಾರಿ ಮೆಟ್ಟಿಲ ಬಳಿಯ ಕೆಂಪು ಪೆಟ್ಟಿಗೆಯಿಂದ ಪೈಪು ಎಳೆಸಿ, ತುದಿಗೆ ಏನೂ ಸಿಕ್ಕಿಸದೆ ನೀರು ಬಿಡಿಸಿದ. ನೀರು ಅವನ ಬೂಟಿನ ಮುಂದೆಯೇ ಬಿದ್ದು ಹರಿಯಿತು. ಆಮೇಲೆ ಪೈಪಿನ ತುದಿಗೆ ಹಿತ್ತಾಳೆಯ ಮೂತಿ, ಅಂದರೆ ನಾಝಲ್, ಸಿಕ್ಕಿಸಿದ. ಈಗ ನೀರು ನೆಟ್ಟಗೆ ಹೋಗಿ ಮೂರನೇ ಮಹಡಿಯ ಕಿಟಕಿಗೆ ಬಡಿಯಿತು. ಸಿಲಿಂಡರಿಗೆ ಬೆಂಕಿ ಹಿಡಿದರೆ ಒದ್ದೆ ಚಾದರ ಹೊದಿಸಿ ಎಂದ. ಮನೆಯ ಪ್ಯಾಸೇಜಿನಲ್ಲಿ ಸಾಮಾನು ಒಟ್ಟಬೇಡಿ ಎಂದ.

ಆ ಸಂಜೆ ಶೆಟ್ಟರ ಹೆಂಡತಿ ಜಯಲತಾ ಪ್ಯಾಸೇಜಿನಲ್ಲಿ ನಿಂತು, "ಹೋಟೆಲಿನ ಈ ಪಾರ್ಸೆಲ್ ಡಬ್ಬಿಗಳನ್ನು ಇನ್ನಾದರೂ ತೆಗೆಸಿ ಮಾರಾಯ್ರೆ, ನಡೆಯಲಿಕ್ಕೆ ಜಾಗ ಇಲ್ಲ" ಎಂದರು.

"ಹೋಟೆಲಿನಲ್ಲಿಟ್ಟರೆ ಹುಡುಗರು ಅರ್ಧ ಹೊತ್ತುಕೊಂಡು ಹೋಗುತ್ತಾರೆ. ನೀನು ಸ್ವಲ್ಪ ಓರೆಯಾಗಿ ನಡೆ."

ಪ್ಲಾಸ್ಟಿಕ್ ಡಬ್ಬಿಗಳ ರಟ್ಟಿನ ಪೆಟ್ಟಿಗೆಗಳು ತಾರಸಿ ಮುಟ್ಟುವಷ್ಟು ಎತ್ತರಕ್ಕೆ ಹಾಗೆಯೇ ಉಳಿದವು.

ಮಳೆಗಾಲದಲ್ಲಿ ಮಹಡಿ ಮಹಡಿಯ ಕೆಂಪು ಪೆಟ್ಟಿಗೆಗಳಿಂದ ಎರಡು ನಾಝಲ್ ಕಾಣೆಯಾದವು. ಹಿತ್ತಾಳೆಗೆ ಗುಜರಿಯಲ್ಲಿ ಒಳ್ಳೆ ಬೆಲೆ. ಶೆಟ್ಟರು ವಾಚ್‌ಮನ್ ಅಂಬಾರಾಯನನ್ನು ಪಂಪ್ ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು. ಅವನು ಕಲಬುರಗಿಯವನು, ಇಲ್ಲಿ ಹಿಂದೆ ಮುಂದೆ ಯಾರೂ ಇಲ್ಲ.

"ಹೇಳು ಮಾರಾಯ. ಯಾವ ಗುಜರಿಯ ಭಂಗಾರ್‌ವಾಲನಿಗೆ ಮಾರಿದ್ದಿ?"

"ನಾ ಮುಟ್ಟಿಲ್ರೀ ಸಾಹೇಬ್ರೇ. ನಮ್ಮವ್ವನ ಆಣಿ."

ಶೆಟ್ಟರು ಬೆಲ್ಟು ಬಿಚ್ಚಿದರು. ಬಕಲ್ ಇರುವ ಕಡೆಯಿಂದಲೇ ಹೊಡೆದರು. ಅಂಬಾರಾಯನ ಬೆನ್ನಿನ ಅಂಗಿ ಹರಿದು ಚರ್ಮಕ್ಕೆ ಅಂಟಿತು. ಆದರೂ ಕೆಲಸದಿಂದ ತೆಗೆಯಲಿಲ್ಲ. ಪೆಟ್ಟು ತಿಂದವನು ಹೊಸಬನಿಗಿಂತ ವಾಸಿ ಎಂಬುದು ಅವರ ಲೆಕ್ಕ.

ಮರುದಿನ ಮಧ್ಯಾಹ್ನ ಉಳಿದ ನಾಝಲ್‌ಗಳನ್ನೆಲ್ಲ ಶೆಟ್ಟರೇ ಬಿಚ್ಚಿ, ಗೋಣಿಯಲ್ಲಿ ತುಂಬಿ, ತಮ್ಮ ಮನೆಯ ಅಟ್ಟಕ್ಕೇರಿಸಿದರು. ಜಯಲತಾ ಒಬ್ಬರಿಗೆ ಗೊತ್ತು. ಖಾಲಿ ಪೆಟ್ಟಿಗೆಗಳನ್ನು ನೋಡಿದ ಮೆಂಬರುಗಳು ಅಂಬಾರಾಯ ಎಲ್ಲವನ್ನೂ ಮಾರಿದ ಎಂದುಕೊಂಡರು. ಶೆಟ್ಟರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

"ಪಾಪ, ಅವನ ಹೆಸರು ಹಾಳಾಗುತ್ತದೆ. ಒಂದು ಮಾತು ಹೇಳಿಬಿಡಿ" ಎಂದರು ಜಯಲತಾ.

"ಹೇಳಿದರೆ ಮತ್ತೆ ಪೆಟ್ಟಿಗೆಯಲ್ಲಿಡಿ ಅಂತಾರೆ. ನೀನು ಬಾಯಿ ಮುಚ್ಚು."

ನವರಾತ್ರಿಯ ಒಂದು ಮಧ್ಯಾಹ್ನ ಜಯಲತಾ ಸಿಲಿಂಡರ್ ಬದಲಿಸುತ್ತಿದ್ದರು. ಅಡಿಗೆಮನೆಯ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ರೆಗ್ಯುಲೇಟರ್ ಸರಿಯಾಗಿ ಕೂರಲಿಲ್ಲ. ಗ್ಯಾಸು ಸುಯ್ಯೆಂದಿತು, ಒಮ್ಮೆಲೇ ಹೊತ್ತಿತು. ಕೂದಲು ಸುಟ್ಟ ವಾಸನೆಯಲ್ಲೇ ಅವರು ಚಾದರ ಒದ್ದೆ ಮಾಡಿ ಹೊದಿಸಿದರು. ಸಿಲಿಂಡರ್ ಆರಿತು. ಅಷ್ಟರಲ್ಲಿ ಬಾಗಿಲ ಪರದೆಯಿಂದ ಬೆಂಕಿ ಪ್ಯಾಸೇಜಿಗೆ ದಾಟಿತ್ತು. ಹೊರಗೆ ಹೋಗಲು ಅದೊಂದೇ ದಾರಿ. ಡಬ್ಬಿಗಳು ಕರಗಿ, ಉರಿಯುತ್ತಾ ತೊಟ್ಟಿಕ್ಕತೊಡಗಿದವು. ಜಯಲತಾ ಅಡಿಗೆಮನೆಯ ಬಾಲ್ಕನಿಗೆ ಹಿಮ್ಮೆಟ್ಟಿ ಗ್ರಿಲ್ಲು ಹಿಡಿದು ಕಿರುಚಿದರು.

ಕೆಳಗಿದ್ದ ಮಗ ಸಮಿತ್ ಮೂರು ಮಹಡಿ ಓಡಿ ಹತ್ತಿದ. ಪಕ್ಕದ ಮನೆಯವರ ಜೊತೆ ಸೇರಿ ಬಾಗಿಲು ಒಡೆದ. ಒಳಗಿನಿಂದ ಕಪ್ಪು ಹೊಗೆ ಮುಖಕ್ಕೆ ಗುದ್ದಿತು. ಯಾರೋ ಪಂಪ್ ಹಾಕಿದರು, ಸಮಿತ್ ಮೆಟ್ಟಿಲ ಬಳಿಯ ಕೆಂಪು ಪೆಟ್ಟಿಗೆಯಿಂದ ಪೈಪು ಎಳೆದು, ಅಲ್ಲೇ ಇದ್ದ ಸ್ಪ್ಯಾನರಿನಿಂದ ವಾಲ್ವ್ ತಿರುಗಿಸಿದ. ಮೂತಿಯಿಲ್ಲದ ಪೈಪು ಹಾವಿನಂತೆ ಒದ್ದಾಡಿತು. ನೀರು ಹೊಸ್ತಿಲಲ್ಲೇ ಚೆಲ್ಲಿ ಮೆಟ್ಟಿಲಿಳಿಯಿತು.

ಬಕೆಟ್ ಹಿಡಿದು ಮೇಲೆ ಬಂದ ಅಂಬಾರಾಯ ಅವನ ಕಣ್ಣಿಗೆ ಬಿದ್ದ.

"ನಾಝಲ್ ಕಿಧರ್ ಹೈ, ಸಾಲೇ? ಕಿಸ್ಕೋ ಬೇಚಾ?" ಯಾರಿಗೆ ಮಾರಿದೆ ಎಂದು ಹಿಂದಿಯಲ್ಲೇ ಅಬ್ಬರಿಸಿದ.

"ನಂಗ ಗೊತ್ತಿಲ್ರೀ..."

ಮೊದಲ ಏಟು ಬಾಯಿಗೆ. ಆಮೇಲೆ ನಾಲ್ಕೈದು ಜನ ಕೈ ಸೇರಿಸಿದರು. ತಲೆಯನ್ನು ಗೋಡೆಗೆ ಅಪ್ಪಳಿಸಿದರು, ಬಿದ್ದಾಗ ಮುಖಕ್ಕೆ ಒದ್ದರು. ಬಕೆಟಿನ ನೀರು ಬೆಂಕಿಗೆ ಬೀಳದೆ ನೆಲಕ್ಕೆ ಉರುಳಿತು. ಒಳಗಿನಿಂದ ಜಯಲತಾರ ಧ್ವನಿ ಇನ್ನೂ ಬರುತ್ತಿತ್ತು.

ಫೋನು ಬಂದು ರಿಕ್ಷಾದಲ್ಲಿ ಧಾವಿಸಿದ ಶೆಟ್ಟರು ಏದುಸಿರು ಬಿಡುತ್ತಾ ಮೇಲೆ ಬಂದರು. ಮಗ ವಾಚ್‌ಮನ್ನನ ಎದೆಯ ಮೇಲೆ ಕೂತಿದ್ದ.

"ಪಪ್ಪಾ, ಮಮ್ಮಿ ಅಂದರ್ ಹೈ! ಏ ಬತಾ ನಹೀಂ ರಹಾ!" ಮಮ್ಮಿ ಒಳಗಿದ್ದರೂ ಇವನು ಬಾಯಿ ಬಿಡುತ್ತಿಲ್ಲ ಎಂದು ಕಿರುಚಿದ.

ಶೆಟ್ಟರು ಉರಿಯುವ ಬಾಗಿಲು ನೋಡಿದರು. "ಅವನನ್ನು ಬಿಡು" ಎಂದರು.

"ಕ್ಯೋಂ?"

"ನಾಝಲ್ ನಮ್ಮ ಅಟ್ಟದಲ್ಲಿದೆ. ನಾನೇ ಇಟ್ಟದ್ದು."

ಸಮಿತ್ ವಾಚ್‌ಮನ್ನನ ಎದೆಯ ಮೇಲಿಂದ ಎದ್ದ. ಅಂಬಾರಾಯ ರಕ್ತ ಉಗುಳಿ, ತುಟಿ ಓರೆ ಮಾಡಿದ. "ಈಗ ನಿಮ್ಮ ಮಗಾನೇ ಕೇಳ್ಲಕತ್ತಾನ, ಹೇಳ್ರೀ ಸಾಹೇಬ್ರೇ. ಬೆಲ್ಟ್ ಕೊಡ್ಲೇನು?"

ಶೆಟ್ಟರು ಒಳಗೆ ನುಗ್ಗಲು ಹೋದರು. ಸಮಿತ್ ಅವರ ಕಾಲರ್ ಹಿಡಿದು ಹಿಂದಕ್ಕೆಳೆದು ಸ್ಪ್ಯಾನರಿನಿಂದ ಹೊಡೆದ. ತಲೆ ಕಾಯಲು ಎತ್ತಿದ ಬಲಗೈಯ ಬೆರಳುಗಳು ಗೋಡೆಗೂ ಕಬ್ಬಿಣಕ್ಕೂ ನಡುವೆ ಜಜ್ಜಿಹೋದವು. ಮತ್ತೆ ಹೊಡೆದ. ಯಾರೂ ತಡೆಯಲಿಲ್ಲ. ಅಷ್ಟರಲ್ಲಿ ಒಳಗಿನ ಧ್ವನಿ ನಿಂತಿತ್ತು.

ಅಗ್ನಿಶಾಮಕ ದಳದ ಗಾಡಿ ಟ್ರಾಫಿಕ್ ಸೀಳಿಕೊಂಡು ಬಂದಾಗ ಮನೆ ಇನ್ನೂ ಉರಿಯುತ್ತಿತ್ತು. ಅವರು ತಮ್ಮದೇ ನಾಝಲ್ ಸಿಕ್ಕಿಸಿದರು. ಚಹಾ ಕುಡಿದು ಮುಗಿಸುವಷ್ಟು ಹೊತ್ತಿನಲ್ಲಿ ಬೆಂಕಿ ಆರಿತು. ಜಯಲತಾ ಬಾಲ್ಕನಿಯಲ್ಲಿ ಕೂತಂತೆಯೇ ಇದ್ದರು. ಅಂಗೈಗಳು ಗ್ರಿಲ್ಲಿಗೆ ಅಂಟಿದ್ದವು. ಕಬ್ಬಿಣವನ್ನು ಕತ್ತರಿಸಿ ಬಿಡಿಸಬೇಕಾಯಿತು.

ಹೋದದ್ದು: ಒಬ್ಬ ಹೆಂಗಸು, ಒಂದು ಮನೆ, ಅಂಬಾರಾಯನ ಎಡಗಣ್ಣು ಮತ್ತು ಮೂರು ಹಲ್ಲು, ಶೆಟ್ಟರ ಬಲಗೈಯ ಎರಡು ಬೆರಳು.